ಒಂದೇ ಮಾತ್ರೆ, ದೇಶಕ್ಕೊಂದು ದರ

ಔಷಧಿಯ ಬೆಲೆ ಕುರಿತು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರವಿದೆ. ಪತ್ರಗಳನ್ನು ಸಂಕ್ಷಿಪ್ತಗೊಳಿಸಿದ್ದೇವೆ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ನನಗೂ ಅಮೆರಿಕದಲ್ಲಿರುವ ಮಗಳಿಗೂ ಸಕ್ಕರೆ ಕಾಯಿಲೆ. ಇಬ್ಬರೂ ನುಂಗುವುದು ಸಿಟಾಗ್ಲಿಪ್ಟಿನ್ 100 ಮಿ.ಗ್ರಾಂ. ನನಗೆ ಜನೌಷಧಿ ಕೇಂದ್ರದಲ್ಲಿ 30 ಮಾತ್ರೆಗೆ 300 ರೂಪಾಯಿ ಬೀಳುತ್ತಿತ್ತು. 2023ರಲ್ಲಿ ಅವಳು ಕೆಲಸ ಬದಲಿಸಿದಾಗ ಒಂದು ತಿಂಗಳು ವಿಮೆ ಇರಲಿಲ್ಲ. ಆಗ ಅಲ್ಲಿನ ಅಂಗಡಿಯಲ್ಲಿ 30 ಮಾತ್ರೆಗೆ 500 ಡಾಲರಿಗೂ ಹೆಚ್ಚು ಕೇಳಿದರಂತೆ. ಔಷಧಿ ಒಂದೇ ಆದಮೇಲೆ ಇಷ್ಟು ಅಂತರ ಹೇಗೆ?
— ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಮೇಷ್ಟ್ರೇ, ಅಂಗಡಿಯವರು ನಿಮ್ಮ ಮಗಳಿಗೆ ತಪ್ಪು ದರ ಹೇಳಿಲ್ಲ. ಸಿಟಾಗ್ಲಿಪ್ಟಿನ್ ಕಂಡುಹಿಡಿದ ಕಂಪನಿಯ ಜನುವಿಯಾ ಮಾತ್ರೆಗೆ ಆ ವರ್ಷ ಅಮೆರಿಕದಲ್ಲಿ 30 ದಿನದ ಪಟ್ಟಿ ಬೆಲೆ, ಅಂದರೆ ಯಾವ ರಿಯಾಯಿತಿಯನ್ನೂ ಕಳೆಯುವ ಮುನ್ನ ಕಂಪನಿ ಹೇಳುವ ಬೆಲೆ, 527 ಡಾಲರ್ ಇತ್ತು. ಆಗಿನ ವಿನಿಮಯ ದರದಲ್ಲಿ 43 ಸಾವಿರ ರೂಪಾಯಿಯ ಆಸುಪಾಸು. ಇತ್ತ ಜನೌಷಧಿಯಲ್ಲಿ 2022ರ ಸೆಪ್ಟೆಂಬರಿನಲ್ಲಿ ಇದೇ ಔಷಧಿ ಬಂದಾಗ 10 ಮಾತ್ರೆಗೆ 100 ರೂಪಾಯಿ ಇಟ್ಟರು.

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ರಾಶಿ ಮುಂದೆ ಹತ್ತು ಜನ ಖರೀದಿದಾರರು ನಿಂತರೆ ದರ ಏರುತ್ತದೆ. ಒಬ್ಬನೇ ನಿಂತರೆ ಅವನು ಹೇಳಿದ್ದೇ ದರ. ಔಷಧಿಯಲ್ಲಿ ಈ ಲೆಕ್ಕವನ್ನು ಎರಡೂ ಕಡೆಯಿಂದ ಹಾಕಬೇಕು. ಮಾರುವವರು ಎಷ್ಟು ಜನ, ಕೊಳ್ಳುವ ಕಡೆ ಚೌಕಾಸಿಗೆ ಕೂತವರು ಯಾರು? ಮಾತ್ರೆ ತಯಾರಿಸಲು ತಗಲುವ ಖರ್ಚು ಈ ಎರಡರ ಮುಂದೆ ಬಹಳ ಚಿಕ್ಕದು.

ಮೊದಲು ಮಾರುವವರ ಕಡೆ ನೋಡೋಣ. ಪೇಟೆಂಟ್ ಎಂದರೆ ಕಂಡುಹಿಡಿದವರಿಗೆ ಮಾತ್ರ ಇರುವ ಹಕ್ಕು; ಅದು ಇರುವ ತನಕ ಮಾರುವವನು ಒಬ್ಬನೇ. ಭಾರತದ 1970ರ ಪೇಟೆಂಟ್ ಕಾಯ್ದೆ 1972ರಲ್ಲಿ ಜಾರಿಗೆ ಬಂತು. ಅದು ಔಷಧಿಗೆ ಪೇಟೆಂಟ್ ಕೊಡುತ್ತಿರಲಿಲ್ಲ, ಔಷಧಿ ಮಾಡುವ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು; ಅದೂ ಐದರಿಂದ ಏಳು ವರ್ಷಕ್ಕೆ. ಬೇರೆ ದಾರಿಯಲ್ಲಿ ಅದೇ ವಸ್ತು ತಯಾರಿಸಿದರೆ ಅಡ್ಡಿಯಿರಲಿಲ್ಲ. ನಮ್ಮ ಕಾರ್ಖಾನೆಗಳು ಕೈಪಳಗಿಸಿಕೊಂಡಿದ್ದು ಆ ಮೂರು ದಶಕಗಳಲ್ಲಿ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ಪ್ರಕಾರ 2005ರ ಜನವರಿ 1ರಿಂದ ಇಲ್ಲೂ ಔಷಧಿಗೇ 20 ವರ್ಷದ ಪೇಟೆಂಟ್ ಬಂತು. ಸಿಟಾಗ್ಲಿಪ್ಟಿನ್ ಪೇಟೆಂಟ್ ಇಲ್ಲಿ ಮುಗಿದದ್ದು 2022ರ ಜುಲೈಯಲ್ಲಿ. ಮುಗಿದ ಕೂಡಲೇ ಹತ್ತಾರು ಕಂಪನಿಗಳು ಇಳಿದವು, ದರ ಬಿತ್ತು. 2025ರ ಮಾರ್ಚಿನಲ್ಲಿ ಎಂಪಾಗ್ಲಿಫ್ಲೋಜಿನ್ ಎಂಬ ಇನ್ನೊಂದು ಸಕ್ಕರೆ ಕಾಯಿಲೆ ಮಾತ್ರೆಯ ಕಥೆಯೂ ಹೀಗೇ ಆಯಿತು. ಮಾತ್ರೆಗೆ 60 ರೂಪಾಯಿಯ ಹತ್ತಿರ ಇದ್ದದ್ದು ಕೆಲವು ಕಂಪನಿಗಳಲ್ಲಿ 10 ರೂಪಾಯಿಗಿಂತ ಕೆಳಗೆ ಇಳಿಯಿತು. ನಿಮಗೆ ಆ ಮಾತ್ರೆಯೂ ಇದ್ದು ಇನ್ನೂ ಹಳೆಯ ದರವೇ ಕೊಡುತ್ತಿದ್ದರೆ ಡಾಕ್ಟರನ್ನು ಈ ವಾರವೇ ಕೇಳಿ.

ಇನ್ನು ಕೊಳ್ಳುವ ಕಡೆ. ಬ್ರಿಟನ್ನಿನಲ್ಲಿ ಇಡೀ ದೇಶದ ಪರವಾಗಿ ಸರ್ಕಾರಿ ಆರೋಗ್ಯ ವ್ಯವಸ್ಥೆಯೇ ಕೊಳ್ಳುತ್ತದೆ. ಅದಕ್ಕೂ ಮೊದಲು ನೈಸ್ ಎಂಬ ಸಂಸ್ಥೆ ಹೊಸ ಔಷಧಿಯನ್ನು ತೂಗುತ್ತದೆ: ರೋಗಿಗೆ ಆರೋಗ್ಯದ ಒಂದು ವರ್ಷ ಹೆಚ್ಚಿಗೆ ಸಿಗಲು ಎಷ್ಟು ಪೌಂಡ್ ಖರ್ಚು? ಬಹಳ ಕಾಲ 20ರಿಂದ 30 ಸಾವಿರ ಪೌಂಡ್ ಎಂಬುದು ಅದರ ಅಳತೆಗೋಲಾಗಿತ್ತು. ಮೀರಿದರೆ ಬೇಡ ಎನ್ನುತ್ತದೆ. ಕಂಪನಿ ಸಾಮಾನ್ಯವಾಗಿ ಗುಟ್ಟಾಗಿ ರಿಯಾಯಿತಿ ಕೊಟ್ಟು ಒಳಗೆ ಬರುತ್ತದೆ. ಜರ್ಮನಿಯಲ್ಲಿ 2011ರಿಂದ ಹೊಸ ಔಷಧಿಯನ್ನು ಹಳೆಯದರ ಜೊತೆ ಹೋಲಿಸುತ್ತಾರೆ, ಹೆಚ್ಚಿನ ಗುಣ ಕಂಡಷ್ಟಕ್ಕೇ ಹೆಚ್ಚಿನ ಬೆಲೆ. ಜಪಾನಿನಲ್ಲಿ ದರಪಟ್ಟಿ ಬರೆಯುವುದೇ ಸರ್ಕಾರ.

ಅಮೆರಿಕದಲ್ಲಿ ಮಾರುವವನು ಒಬ್ಬ, ಕೊಳ್ಳುವವರು ಚೂರುಚೂರು. 65 ದಾಟಿದವರ ಸರ್ಕಾರಿ ವಿಮೆಯಾದ ಮೆಡಿಕೇರ್ ಅಲ್ಲಿನ ಅತಿ ದೊಡ್ಡ ಗಿರಾಕಿ. ಅದು ಔಷಧಿ ಬೆಲೆಯ ಚೌಕಾಸಿಯಲ್ಲಿ ಕೈಹಾಕಬಾರದು ಎಂದು 2003ರ ಕಾನೂನೇ ಹೇಳಿತ್ತು. ಅಷ್ಟು ದೊಡ್ಡ ಗಿರಾಕಿಯ ಕೈ ಕಟ್ಟಿದ್ದು ರೋಗಿಗಳಿಗೆ ಮಾಡಿದ ದೊಡ್ಡ ಅನ್ಯಾಯ ಎಂದೇ ನಾವು ಭಾವಿಸುತ್ತೇವೆ. 2022ರ ಕಾನೂನು ಆ ಗಂಟನ್ನು ಸ್ವಲ್ಪ ಸಡಿಲಿಸಿತು. ಮೊದಲ ಕಂತಿನಲ್ಲಿ ಚೌಕಾಸಿಗೆ ತೆಗೆದುಕೊಂಡದ್ದು ಹತ್ತು ಔಷಧಿ, ಅವುಗಳಲ್ಲಿ ಜನುವಿಯಾ ಒಂದು. ಮಾತುಕತೆಯ ನಂತರ ನಿಗದಿಯಾದ ದರ 30 ದಿನಕ್ಕೆ 113 ಡಾಲರ್, 2026ರ ಜನವರಿ 1ರಿಂದ ಜಾರಿ. 527 ಎಲ್ಲಿ, 113 ಎಲ್ಲಿ! ಮಾತ್ರೆ ಬದಲಾಗಲಿಲ್ಲ; ಎದುರು ಕೂತು ಕೇಳುವವರು ಬಂದರು, ಅಷ್ಟೇ. ಆದರೆ ಇದು ಮೆಡಿಕೇರ್ ಇರುವವರಿಗೆ ಸಿಗುವ ದರ, ನಿಮ್ಮ ಮಗಳ ವಯಸ್ಸಿನವರಿಗೆ ತಾನಾಗಿ ಸಿಗುವುದಿಲ್ಲ.

ಮಧ್ಯವರ್ತಿಗಳ ಮಾತೂ ಇದೆ. ಅಲ್ಲಿ ವಿಮಾ ಕಂಪನಿಗಳ ಪರವಾಗಿ, ವಿಮೆಯಲ್ಲಿ ಸಿಗುವ ಔಷಧಿಗಳ ಪಟ್ಟಿ ನೋಡಿಕೊಳ್ಳುವ ಸಂಸ್ಥೆಗಳಿವೆ. ಸುಮಾರು ಶೇ 80ರಷ್ಟು ಡಾಕ್ಟರ ಚೀಟಿಗಳು ಅಂಥ ಮೂರೇ ಸಂಸ್ಥೆಗಳ ಕೈಯಲ್ಲಿ ಹಾಯುತ್ತವೆ. ನಿಮ್ಮ ಔಷಧಿಯನ್ನು ಪಟ್ಟಿಗೆ ಸೇರಿಸಬೇಕಾದರೆ ಇಷ್ಟು ಹಣ ಹಿಂದಕ್ಕೆ ಕೊಡಿ ಎಂದು ಅವು ಕಂಪನಿಯನ್ನು ಕೇಳುತ್ತವೆ. ಪಟ್ಟಿ ಬೆಲೆ ದೊಡ್ಡದಿದ್ದಷ್ಟೂ ಹಿಂದಕ್ಕೆ ಕೊಡುವ ಹಣವೂ ದೊಡ್ಡದು. ಹಾಗಾಗಿ ಬೆಲೆ ಏರಿಸುವುದರಲ್ಲಿ ಇಬ್ಬರಿಗೂ ಲಾಭ. ಹುಮಲಾಗ್ ಇನ್ಸುಲಿನ್ ಬಾಟಲಿ 1996ರಲ್ಲಿ 21 ಡಾಲರ್ ಇದ್ದದ್ದು 2019ರ ಹೊತ್ತಿಗೆ 275ರ ಹತ್ತಿರ ಹೋಗಿದ್ದು ಹೀಗೆ. ವಿಮೆ ಇಲ್ಲದವರ ತಲೆಗೆ ಬೀಳುವುದು ಮಾತ್ರ ಪೂರ್ತಿ ಪಟ್ಟಿ ಬೆಲೆ. ನಿಮ್ಮ ಮಗಳಿಗೆ ಆ ತಿಂಗಳು ಆಗಿದ್ದು ಇದೇ.

ಸಂಶೋಧನೆಗೆ ದುಡ್ಡು ಬೇಕಲ್ಲ ಎಂದು ಕಂಪನಿಗಳು ಹೇಳುವುದು ಸುಳ್ಳಲ್ಲ. ಹೊಸ ಔಷಧಿಗೆ ವರ್ಷಗಟ್ಟಲೆ ಪರೀಕ್ಷೆ ಬೇಕು, ಬಹುಪಾಲು ನಡುವೆಯೇ ಬಿದ್ದುಹೋಗುತ್ತವೆ. ಆದರೆ ಬೆಲೆ ಕಟ್ಟುವುದು ಆ ಖರ್ಚನ್ನು ಭಾಗಿಸಿ ಅಲ್ಲ, ಎಲ್ಲಿ ಎಷ್ಟು ಬಂದೀತು ಎಂದು ನೋಡಿ. ಹೆಪಟೈಟಿಸ್ ಸಿ ರೋಗದ ಸೊಫೋಸ್ಬುವಿರ್ 2013ರಲ್ಲಿ ಬಂದಾಗ ಅಮೆರಿಕದಲ್ಲಿ 12 ವಾರದ ಚಿಕಿತ್ಸೆಗೆ 84 ಸಾವಿರ ಡಾಲರ್; ಅದೇ ಕಂಪನಿ ಈಜಿಪ್ಟಿಗೆ 900 ಡಾಲರಿಗೆ ಒಪ್ಪಿತು.

ಮಗಳಿಗೆ ತಿಳಿಸಬೇಕಾದ ಮುಖ್ಯ ಮಾತು ಬೇರೆಯೇ ಇದೆ. ಅಮೆರಿಕದಲ್ಲಿ ದುಬಾರಿ ಇರುವುದು ಪೇಟೆಂಟ್ ಇರುವ ಬ್ರ್ಯಾಂಡುಗಳು. ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪನಿಗಳೂ ಮಾಡುವ ಜೆನೆರಿಕ್ ಔಷಧಿಗಳು ಅಲ್ಲಿ ಬೇರೆ ಶ್ರೀಮಂತ ದೇಶಗಳಿಗಿಂತ ಅಗ್ಗ. 2022ರ ಬೆಲೆಗಳನ್ನು 33 ದೇಶಗಳ ಜೊತೆ ಹೋಲಿಸಿದ ರ್ಯಾಂಡ್ ಸಂಸ್ಥೆಯ ಅಧ್ಯಯನದಲ್ಲಿ ಬ್ರ್ಯಾಂಡುಗಳ ಪಟ್ಟಿ ಬೆಲೆ ಅಮೆರಿಕದಲ್ಲಿ ನಾಲ್ಕು ಪಟ್ಟು ದಾಟಿತ್ತು, ಜೆನೆರಿಕ್ ಬೆಲೆ ಮಾತ್ರ ಉಳಿದವರ ಶೇ 67ರಷ್ಟೇ ಇತ್ತು. ವಾಲ್‌ಮಾರ್ಟ್ 2006ರಿಂದಲೇ ಕೆಲವು ಜೆನೆರಿಕ್‌ಗಳನ್ನು ತಿಂಗಳಿಗೆ 4 ಡಾಲರಿನಂತೆ ಮಾರತೊಡಗಿತು. ಆದ್ದರಿಂದ ಅವಳು ಡಾಕ್ಟರನ್ನು ಮೊದಲು ಕೇಳಬೇಕಾದ್ದು, ಇದರ ಬದಲು ಜೆನೆರಿಕ್ ಸಿಗುವ ಮಾತ್ರೆ ನನಗೆ ಆಗುತ್ತದೆಯೇ ಎಂದು. ಅಂಗಡಿಯಲ್ಲಿ ವಿಮೆಯ ದರ ಒಂದು, ನಗದು ದರ ಇನ್ನೊಂದು, ರಿಯಾಯಿತಿ ಕಾರ್ಡಿನ ದರ ಮತ್ತೊಂದು ಇರುತ್ತದೆ. ಮೂರನ್ನೂ ಕೇಳಿ ಕಡಿಮೆಯದನ್ನು ಕೊಡಲಿ. ವಿಮೆ ಇದ್ದರೂ ವರ್ಷದ ಮೊದಲ ತಿಂಗಳುಗಳಲ್ಲಿ, ಕೈಯಿಂದ ಹಾಕಬೇಕಾದ ಮೊತ್ತ ತುಂಬುವ ತನಕ, ಬಿಲ್ಲು ದೊಡ್ಡದಾಗಿಯೇ ಬರುತ್ತದೆ. ಜನವರಿಯಲ್ಲಿ ಅದನ್ನು ನೋಡಿ ಗಾಬರಿಯಾಗಿ ಮಾತ್ರೆ ನಿಲ್ಲಿಸುವುದು ಬೇಡ.

ಪ್ರಶ್ನೆ: ಅಣ್ಣನಿಗೆ ರಕ್ತದ ಕ್ಯಾನ್ಸರ್, ಇಮಾಟಿನಿಬ್ ಮಾತ್ರೆ ನಡೆದಿದೆ. ಮೊದಲು ಇದಕ್ಕೆ ತಿಂಗಳಿಗೆ ಲಕ್ಷ ಆಗುತ್ತಿತ್ತು ಎನ್ನುತ್ತಾರೆ, ನಿಜವೇ? ಮತ್ತೆ ಏರುತ್ತದೆಯೇ?
— ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಜ. ಮೂಲ ಬ್ರ್ಯಾಂಡ್ ಗ್ಲಿವೆಕ್ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ ಇತ್ತು, ಭಾರತೀಯ ಕಂಪನಿಗಳದ್ದು 8ರಿಂದ 10 ಸಾವಿರ. ನೊವಾರ್ಟಿಸ್ ಕಂಪನಿ ಇಮಾಟಿನಿಬ್‌ನ ಒಂದು ಹರಳು ರೂಪಕ್ಕೆ ಹೊಸ ಪೇಟೆಂಟ್ ಕೇಳಿತ್ತು. ನಮ್ಮ ಕಾಯ್ದೆಯ 3(ಡಿ) ಕಲಮಿನ ಪ್ರಕಾರ, ಗೊತ್ತಿರುವ ಔಷಧಿಯ ಹೊಸ ರೂಪ ರೋಗದ ಮೇಲೆ ಗಣನೀಯವಾಗಿ ಹೆಚ್ಚು ಪರಿಣಾಮ ತೋರದಿದ್ದರೆ ಅದಕ್ಕೆ ಪೇಟೆಂಟ್ ಇಲ್ಲ. ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಇದನ್ನೇ ಹಿಡಿದು ಅರ್ಜಿ ತಳ್ಳಿಹಾಕಿತು. ಅನೇಕ ದೇಶಗಳಲ್ಲಿ ಇಂಥ ಸಣ್ಣ ಬದಲಾವಣೆಯ ಮೇಲೆಯೇ ಪೇಟೆಂಟ್ ವರ್ಷಗಳು ಬೆಳೆಯುತ್ತ ಹೋಗುತ್ತವೆ. ಬೆಲೆ ವ್ಯತ್ಯಾಸಕ್ಕೆ ಇದೂ ಒಂದು ದೊಡ್ಡ ಕಾರಣ.

ಅದಕ್ಕೂ ಒಂದು ವರ್ಷ ಮೊದಲು, 2012ರ ಮಾರ್ಚಿನಲ್ಲಿ, ಸೊರಾಫೆನಿಬ್ ಎಂಬ ಕ್ಯಾನ್ಸರ್ ಮಾತ್ರೆ ಮಾಡಲು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಸರ್ಕಾರ ಕಡ್ಡಾಯ ಲೈಸೆನ್ಸ್ ಕೊಟ್ಟಿತು, ಅಂದರೆ ಪೇಟೆಂಟ್ ಹೊಂದಿದವರ ಒಪ್ಪಿಗೆ ಇಲ್ಲದೆಯೂ ತಯಾರಿಸುವ ಅನುಮತಿ. ತಿಂಗಳಿಗೆ 2 ಲಕ್ಷ 80 ಸಾವಿರ ಇದ್ದದ್ದು 8,800ಕ್ಕೆ ಇಳಿಯಿತು. ಪೇಟೆಂಟ್ ಹೊಂದಿದ್ದ ಬೇಯರ್‌ಗೆ ಮಾರಾಟದ ಮೇಲೆ ರಾಯಧನ ಕೊಡಬೇಕು ಎಂಬ ಷರತ್ತಿತ್ತು.

ಇಮಾಟಿನಿಬ್ ಈಗ ಹಲವು ಕಂಪನಿಗಳ ಕೈಯಲ್ಲಿದೆ, ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಹಳೆಯ ಬೆಲೆಗೆ ಏರುವ ಭಯ ಬೇಡ. ನೋಡಿಕೊಳ್ಳಬೇಕಾದ್ದು ಬೇರೆ: ಮಾತ್ರೆಯನ್ನು ಊಟದ ಜೊತೆ ದೊಡ್ಡ ಲೋಟ ನೀರಿನಲ್ಲಿ ತೆಗೆದುಕೊಳ್ಳಲಿ, ಒಂದು ದಿನವೂ ತಪ್ಪಿಸಬಾರದು, ಕಂಪನಿ ಬದಲಾದರೆ ಡಾಕ್ಟರಿಗೆ ತಿಳಿಸಿ ರೋಗ ಎಷ್ಟು ಹತೋಟಿಯಲ್ಲಿದೆ ಎಂದು ತೋರುವ ಬಿಸಿಆರ್-ಎಬಿಎಲ್ ರಕ್ತ ಪರೀಕ್ಷೆಯನ್ನು ಹೇಳಿದ ದಿನಕ್ಕೇ ಮಾಡಿಸಲಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಪ್ರಶ್ನೆ: ಒಂದೇ ಬಿಪಿ ಮಾತ್ರೆಗೆ ಒಂದು ಮೆಡಿಕಲ್‌ನಲ್ಲಿ ಒಂದು ದರ, ಇನ್ನೊಂದರಲ್ಲಿ ಇನ್ನೊಂದು. ಸರ್ಕಾರ ದರ ಕಟ್ಟಿದೆ ಅಂತಾರೆ. ನಾವು ಲೆಕ್ಕ ಹಾಕೋದು ಹೆಂಗೆ?
— ಚಳ್ಳಕೆರೆ

ಉತ್ತರ: ದರ ಕಟ್ಟುವುದು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ, ನಿಯಮ 2013ರ ಬೆಲೆ ನಿಯಂತ್ರಣ ಆದೇಶದ್ದು. 2022ರ ಅಗತ್ಯ ಔಷಧಿಗಳ ಪಟ್ಟಿಯಲ್ಲಿ 384 ಔಷಧಿಗಳಿವೆ, ಗರಿಷ್ಠ ದರ ಇರುವುದು ಅವಕ್ಕೆ. ಮಾರುಕಟ್ಟೆಯಲ್ಲಿ ಶೇ 1 ಅಥವಾ ಹೆಚ್ಚು ಪಾಲಿರುವ ಎಲ್ಲ ಬ್ರ್ಯಾಂಡುಗಳು ಅಂಗಡಿಗೆ ಕೊಡುವ ದರದ ಸರಾಸರಿ ತೆಗೆದು, ಅಂಗಡಿಯವರ ಲಾಭವೆಂದು ಶೇ 16 ಸೇರಿಸುತ್ತಾರೆ. ಉದಾಹರಣೆಗೆ ಮೂರು ಬ್ರ್ಯಾಂಡುಗಳು ಮಾತ್ರೆಗೆ 4, 6, 8 ರೂಪಾಯಿಯಂತೆ ಅಂಗಡಿಗೆ ಬರುತ್ತವೆ ಎನ್ನಿ. ಸರಾಸರಿ 6. ಶೇ 16 ಸೇರಿದರೆ 6 ರೂಪಾಯಿ 96 ಪೈಸೆ. ಇದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಿಗಳಿಗೆ ಅದು ಶೇ 12ರಿಂದ 5ಕ್ಕೆ ಇಳಿದಿದೆ. ಒಟ್ಟು 7 ರೂಪಾಯಿ 31 ಪೈಸೆ. ಹತ್ತು ಮಾತ್ರೆಯ ಶೀಟಿನ ಎಂಆರ್‌ಪಿ 73 ರೂಪಾಯಿಯ ಸುತ್ತ ನಿಲ್ಲಬೇಕು.

ಈ ಲೆಕ್ಕದಲ್ಲಿ ತಯಾರಿಕಾ ಖರ್ಚು ಎಲ್ಲೂ ಇಲ್ಲ, ಗಮನಿಸಿ. ಮಾರುಕಟ್ಟೆಯ ಸರಾಸರಿಯೇ ಆಧಾರ. ಆದ್ದರಿಂದ ದುಬಾರಿ ಬ್ರ್ಯಾಂಡುಗಳು ಹೆಚ್ಚಿದ್ದರೆ ಮಿತಿಯೂ ಎತ್ತರದಲ್ಲೇ ನಿಲ್ಲುತ್ತದೆ. ಇದು ಈ ಪದ್ಧತಿಯ ನಿಜವಾದ ದೋಷ ಎಂಬುದು ನಮ್ಮ ಅಭಿಪ್ರಾಯ. ಪಟ್ಟಿಯಲ್ಲಿ ಇಲ್ಲದ ಔಷಧಿಗಳಿಗೆ ಗರಿಷ್ಠ ದರವಿಲ್ಲ. ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ, ಅಷ್ಟೇ.

ಈಗ ಶೀಟು ಕೈಗೆ ತೆಗೆದುಕೊಳ್ಳಿ. ಒಂದೇ ಕಂಟೆಂಟ್ ಇರುವ ಮಾತ್ರೆಯಾದರೆ ಬ್ರ್ಯಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಔಷಧಿಯ ನಿಜವಾದ ಹೆಸರು ಇರಬೇಕೆಂಬ ನಿಯಮವಿದೆ. ನೀವು ಹೋಲಿಸಬೇಕಾದ್ದು ಆ ಹೆಸರು ಮತ್ತು ಅದರ ಮುಂದಿನ ಮಿ.ಗ್ರಾಂ. ಟೆಲ್ಮಿಸಾರ್ಟನ್ 40 ಒಂದು ಔಷಧಿ. ಹೆಸರಿನ ಕೊನೆಯಲ್ಲಿ ‘ಎಚ್’ ಬಂದರೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಸೇರಿದೆ, ‘ಎಎಂ’ ಬಂದರೆ ಆಮ್ಲೋಡಿಪಿನ್ ಸೇರಿದೆ. ದರ ಬೇರೆ, ಕೆಲಸವೂ ಬೇರೆ. ಒಂದರ ಬದಲು ಇನ್ನೊಂದು ನುಂಗುವಂತಿಲ್ಲ. ‘ಎಸ್‌ಆರ್’ ಎಂದಿದ್ದರೆ ನಿಧಾನವಾಗಿ ಕರಗುವ ಮಾತ್ರೆ, ಅದನ್ನು ಪುಡಿ ಮಾಡಬಾರದು.

ಆಮೇಲೆ ಮಾತ್ರೆ ಎಣಿಸಿ. ಜನ ಮೋಸಹೋಗುವುದು ಇಲ್ಲಿಯೇ. ಒಂದು ಕಂಪನಿ ಶೀಟಿಗೆ 10 ಮಾತ್ರೆ ಹಾಕಿದರೆ ಇನ್ನೊಂದು 15 ಹಾಕುತ್ತದೆ, ಮತ್ತೊಂದು 14. ಶೀಟಿನ ಬೆಲೆ ಹೋಲಿಸಿದರೆ ಅಗ್ಗದ್ದೇ ದುಬಾರಿಯಾಗಿ ಕಾಣಬಹುದು. ಎಂಆರ್‌ಪಿಯನ್ನು ಮಾತ್ರೆಗಳ ಸಂಖ್ಯೆಯಿಂದ ಭಾಗಿಸಿ, ಒಂದು ಮಾತ್ರೆಯ ದರ ಚೀಟಿಯ ಮೇಲೆ ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಪ್ರಾಧಿಕಾರದ ‘ಫಾರ್ಮಾ ಸಹಿ ದಾಮ್’ ಆ್ಯಪ್ ಹಾಕಿಕೊಂಡರೆ ಗರಿಷ್ಠ ದರವೂ ಅದೇ ಕಂಟೆಂಟಿನ ಬೇರೆ ಬ್ರ್ಯಾಂಡುಗಳ ದರವೂ ಸಿಗುತ್ತದೆ. ಮಿತಿ ಮೀರಿ ಅಚ್ಚಾಗಿದ್ದರೆ ಪ್ರಾಧಿಕಾರದ 1800 111 255 ನಂಬರಿಗೆ ದೂರು ಕೊಡಬಹುದು. ದೂರಿಗೆ ಬಿಲ್ಲು ಬೇಕು, ಅದರಲ್ಲಿ ಬ್ಯಾಚ್ ನಂಬರ್ ಇರಬೇಕು. ಅರ್ಧ ಶೀಟು ಕೊಳ್ಳುವಾಗ ಬ್ಯಾಚ್ ಮತ್ತು ಎಕ್ಸ್‌ಪೈರಿ ಅಚ್ಚಾದ ತುದಿಯನ್ನು ನಿಮಗೇ ಕೊಡಲು ಕೇಳಿ, ಇಲ್ಲವೇ ಅದರ ಫೋಟೋ ತೆಗೆದುಕೊಳ್ಳಿ.

ಪ್ರಶ್ನೆ: ಕಡಿಮೆ ಬೆಲೆಯ ಜನೌಷಧಿ ಮಾತ್ರೆ ಕೆಲಸ ಮಾಡುವುದಿಲ್ಲ ಎನ್ನುತ್ತಾರಲ್ಲ?
— ಜಗಳೂರು

ಉತ್ತರ: ಬೆಲೆ ನೋಡಿ ಗುಣ ಅಳೆಯಲು ಬರುವುದಿಲ್ಲ. ಅಲ್ಲಿ ಅಗ್ಗವಾಗಿರುವುದು ಬ್ರ್ಯಾಂಡಿನ ಪ್ರಚಾರದ ಖರ್ಚು ಇಲ್ಲದಿರುವುದರಿಂದ ಮತ್ತು ಟೆಂಡರ್ ಕರೆದು ಸಗಟಾಗಿ ಕೊಳ್ಳುವುದರಿಂದ. ಆದರೆ ಕೆಲವು ಔಷಧಿಗಳಲ್ಲಿ ಎಚ್ಚರ ಬೇಕು. ಥೈರಾಯ್ಡಿನ ಲೆವೊಥೈರಾಕ್ಸಿನ್, ರಕ್ತ ತೆಳು ಮಾಡುವ ವಾರ್ಫರಿನ್, ಫಿಟ್ಸಿನ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಇವುಗಳಲ್ಲಿ ಪ್ರಮಾಣ ಕೊಂಚ ಆಚೀಚೆಯಾದರೂ ದೇಹಕ್ಕೆ ಗೊತ್ತಾಗುತ್ತದೆ. ಕಂಪನಿ ಬದಲಿಸುವ ಮುನ್ನ ಡಾಕ್ಟರಿಗೆ ಹೇಳಿ. ಥೈರಾಯ್ಡ್ ಮಾತ್ರೆ ಬದಲಾದರೆ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿ. ಪದೇ ಪದೇ ಬದಲಿಸಬೇಡಿ.

ಪ್ರಶ್ನೆ: ಮಗ ದುಬೈನಲ್ಲಿದ್ದಾನೆ. ಅಲ್ಲಿ ಮಾತ್ರೆ ದುಬಾರಿ ಎಂದು ಇಲ್ಲಿಂದ ಒಯ್ಯುತ್ತಾನೆ. ತೊಂದರೆ ಆಗುವುದಿಲ್ಲವೇ?
— ಹರಿಹರ

ಉತ್ತರ: ಅಮ್ಮಾ, ಬಿಪಿ, ಶುಗರ್ ಮಾತ್ರೆಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮೂರು ತಿಂಗಳಿಗಿಂತ ಹೆಚ್ಚು ಬೇಡ. ಶೀಟಿನಿಂದ ಬಿಡಿಸಿ ಡಬ್ಬಿಗೆ ಹಾಕಬಾರದು. ಔಷಧಿಯ ನಿಜವಾದ ಹೆಸರು ಬರೆದ ಇಂಗ್ಲಿಷ್ ಚೀಟಿ, ಬಿಲ್ಲು ಜೊತೆಗಿರಲಿ. ಅಪಾಯ ಇರುವುದು ನೋವಿನ ಟ್ರಮಡಾಲ್ ಮತ್ತು ಕೊಡೀನ್ ಇರುವ ಕೆಮ್ಮಿನ ಸಿರಪ್ಪಿನಲ್ಲಿ. ಯುಎಇಯಲ್ಲಿ ಇವು ನಿಯಂತ್ರಿತ ಔಷಧಿಗಳು, ಅಲ್ಲಿನ ಆರೋಗ್ಯ ಇಲಾಖೆಯ ಮುಂಗಡ ಅನುಮತಿ ಇಲ್ಲದೆ ಒಯ್ದರೆ ಪೊಲೀಸ್ ಕೇಸಾಗಬಹುದು. ನಿದ್ದೆ ಮಾತ್ರೆಗೂ ಮೊದಲೇ ವಿಚಾರಿಸಲಿ.

ಪ್ರಶ್ನೆ: ಮಗ ಅಮೆರಿಕದಿಂದ ಬರುವಾಗ ಒಳ್ಳೆಯದೆಂದು ನಾಲ್ಕು ಬಾಟಲಿ ಇನ್ಸುಲಿನ್ ತಂದಿದ್ದಾನೆ. ಮೇಲೆ 70/30 ಎಂದಿದೆ. ನಾನು ಇಲ್ಲಿ ಹಾಕಿಕೊಳ್ಳುವುದು 30/70, ದಿನಕ್ಕೆರಡು ಸಲ 20 ಯೂನಿಟ್. ಬಳಸಬಹುದೇ?
— ಚನ್ನಗಿರಿ

ಉತ್ತರ: ಈ ಪತ್ರ ಓದಿ ನಮಗೆ ಆತಂಕವಾಯಿತು. ಉತ್ತರ ಪೂರ್ತಿ ಓದುವ ತನಕ ಆ ಬಾಟಲಿ ಮುಟ್ಟಬೇಡಿ.

70/30 ಎಂಬುದು ಗಾಬರಿಯ ವಿಷಯವಲ್ಲ. ಅಲ್ಲಿ ನಿಧಾನದ ಇನ್ಸುಲಿನ್ ಪಾಲನ್ನು ಮೊದಲು ಬರೆಯುತ್ತಾರೆ, ಇಲ್ಲಿ ಬೇಗ ಕೆಲಸ ಮಾಡುವುದರ ಪಾಲನ್ನು. ಆದರೂ ಎರಡರಲ್ಲೂ ಇರುವುದು ಒಂದೇ ಬಗೆಯ ಇನ್ಸುಲಿನ್ನೇ ಎಂದು ಡಾಕ್ಟರಿಗೆ ಬಾಟಲಿ ತೋರಿಸಿ ಖಚಿತ ಮಾಡಿಕೊಳ್ಳಿ. ಅಪಾಯ ಇರುವುದು ಗಾಢತೆಯಲ್ಲಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿ 40 ಐಯು, ಅಂದರೆ 1 ಮಿ.ಲೀ.ಗೆ 40 ಯೂನಿಟ್. ಅಮೆರಿಕದ ಬಾಟಲಿ 100 ಐಯು. ನಿಮ್ಮ ಮನೆಯ ಕೆಂಪು ಮುಚ್ಚಳದ ಸಿರಿಂಜು 40ರದ್ದು. ಅದರಲ್ಲಿ 20ರ ಗೆರೆಯ ತನಕ ಎಳೆದರೆ ಅರ್ಧ ಮಿ.ಲೀ. ಬರುತ್ತದೆ. ಹಳೆಯ ಬಾಟಲಿಯಿಂದ ಎಳೆದರೆ ಅದು 20 ಯೂನಿಟ್. ಮಗ ತಂದ ಬಾಟಲಿಯಿಂದ ಎಳೆದರೆ 50 ಯೂನಿಟ್! ಎರಡೂವರೆ ಪಟ್ಟು. ಶುಗರ್ ತೀರಾ ಇಳಿದು ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಅಪಾಯ.

ಆ ಬಾಟಲಿಗೆ ಕಿತ್ತಳೆ ಮುಚ್ಚಳದ 100ರ ಸಿರಿಂಜೇ ಬೇಕು, ಅದರಲ್ಲಿ 20ರ ಗೆರೆ ಎಂದರೆ 20 ಯೂನಿಟ್. ಅದೇ ಸಿರಿಂಜಿನಿಂದ ಇಲ್ಲಿನ 40ರ ಬಾಟಲಿ ಎಳೆದರೆ ಉಲ್ಟಾ ಆಗಿ ಬರೀ 8 ಯೂನಿಟ್ ಹೋಗುತ್ತದೆ, ಶುಗರ್ ಏರುತ್ತದೆ. ಎರಡೂ ಬಗೆಯ ಸಿರಿಂಜು ಒಂದೇ ಮನೆಯಲ್ಲಿ ಇಡಲೇಬೇಡಿ. ಒಂದನ್ನು ಮುಗಿಸಿ, ಉಳಿದ ಸಿರಿಂಜನ್ನು ಹೊರಗೆ ಹಾಕಿಸಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಮನೆಯಲ್ಲಿ ಬೇರೆಯವರು ಇಂಜೆಕ್ಷನ್ ಕೊಡುವುದಾದರೆ, ಮಗ ತಂದದ್ದನ್ನು ಬಳಸದೆ ಇಲ್ಲಿನದನ್ನೇ ಮುಂದುವರಿಸುವುದು ಕ್ಷೇಮ.

ಅವನು ಬಾಟಲಿಗಳನ್ನು ವಿಮಾನದ ಕೆಳಗಿನ ಲಗೇಜಿನಲ್ಲಿ ಹಾಕಿದ್ದನೇ ಎಂದೂ ಕೇಳಿ. ಅಲ್ಲಿ ಹೆಪ್ಪುಗಟ್ಟುವ ಸಾಧ್ಯತೆಯಿದೆ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಪ್ರಯೋಜನವಿಲ್ಲ. ಬಾಟಲಿಯನ್ನು ಅಂಗೈಗಳ ನಡುವೆ ಹತ್ತಿಪ್ಪತ್ತು ಸಲ ಮೆಲ್ಲಗೆ ಉರುಳಿಸಿ. ಹಾಲಿನಂತೆ ಒಂದೇ ಸಮ ಬಿಳಿಯಾಗಬೇಕು. ಗಾಜಿಗೆ ಚಕ್ಕೆ ಅಂಟಿದ್ದರೆ, ತಳದಲ್ಲಿ ಉಂಡೆ ಉಳಿದಿದ್ದರೆ ಎಸೆಯಿರಿ. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ, ಐಸ್ ಪೆಟ್ಟಿಗೆಯಿಂದ ದೂರ ಇರಲಿ. ಫ್ರಿಜ್ ಇಲ್ಲದಿದ್ದರೆ ಬಾಟಲಿಯನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ನೀರು ತುಂಬಿದ ಮಣ್ಣಿನ ಗಡಿಗೆಯಲ್ಲಿ ಇಳಿಬಿಡಿ, ಗಡಿಗೆ ನೆರಳಿನಲ್ಲಿ ಗಾಳಿಯಾಡುವ ಕಡೆ ಇರಲಿ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ಎಷ್ಟು ದಿನ ಬಳಸಬಹುದು ಎಂದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಇರುತ್ತದೆ. ಸಾಮಾನ್ಯವಾಗಿ 28 ದಿನದ ನಂತರ ಉಳಿದಿದ್ದರೂ ಬಳಸಬೇಡಿ.